ಹೊಸ ಬ್ಯಾಟರಿ ಹಾಕಿಸಿ 20 ದಿನ ಆಗಿಲ್ಲ, ಮತ್ತೆ ಕಾರು ಸ್ಟಾರ್ಟ್ ಆಗುತ್ತಿಲ್ಲ. ಎಲ್ಲಿ ನೋಡಬೇಕು?

ಕೆಂಪು ಕಾರು, ಬನಶಂಕರಿ

ಎಲ್ಲರಿಗೂ ನಮಸ್ಕಾರ. ಮೊದಲು ನಡೆದದ್ದನ್ನು ಹೇಳುತ್ತೇನೆ.

ನಮ್ಮದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುವಲ್ ಗೇರ್. ಮಗಳನ್ನು ಜಯನಗರದ ಸ್ಕೂಲಿಗೆ ಬಿಟ್ಟು ಬರುವುದು, ಸಂಜೆ ಕರೆದುಕೊಂಡು ಬರುವುದು. ಶನಿವಾರ, ಭಾನುವಾರ ಸಾಮಾನ್ಯವಾಗಿ ಕಾರು ತೆಗೆಯುವುದಿಲ್ಲ.

ಕಳೆದ ತಿಂಗಳು ಒಂದು ಸೋಮವಾರ, ಬೆಳಗಿನ ಜಾವ ನಾಲ್ಕೂವರೆ. ಅಮ್ಮನಿಗೆ ಎದೆ ಹಿಡಿದ ಹಾಗಾಯಿತು. ಅವರನ್ನು ನಿಧಾನವಾಗಿ ಲಿಫ್ಟಿನಲ್ಲಿ ಇಳಿಸಿ, ಹಿಂದಿನ ಸೀಟಿನಲ್ಲಿ ಮಲಗಿಸಿ ಕೀ ತಿರುಗಿಸಿದೆ. ಟಕ್ ಟಕ್ ಟಕ್ ಟಕ್ ಅಂತ ಸದ್ದು, ಅಷ್ಟೇ. ಮೀಟರ್ ಬೋರ್ಡಿನ ದೀಪಗಳೆಲ್ಲ ಒಮ್ಮೆ ಮಿಣುಕಿ ಮಂಕಾದವು. ಎದುರು ಮನೆಯ ಅಣ್ಣ ನಿದ್ದೆಗಣ್ಣಿನಲ್ಲೇ ಬಂದು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ದೇವರ ದಯೆ, ಅಮ್ಮ ಈಗ ಚೆನ್ನಾಗಿದ್ದಾರೆ. ಆದರೆ ಪಾರ್ಕಿಂಗ್‌ನಲ್ಲಿ ಕಳೆದ ಆ ಹತ್ತು ನಿಮಿಷ ಇನ್ನೂ ಮರೆಯಲಾಗುತ್ತಿಲ್ಲ.

ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು. ಅವತ್ತೇ ಅಂಗಡಿಯವರು ಮನೆಗೆ ಬಂದು 35 ಆಂಪಿಯರ್ ಅವರ್‌ನ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಹೊಸದು ಹಾಕಿದರು, ಹಳೆಯದನ್ನು ತೆಗೆದುಕೊಂಡು ಹೋದರು. ಏನನ್ನೂ ಅಳೆದು ನೋಡಲಿಲ್ಲ. ಎರಡು ವಾರದ ಮೇಲೆ ನಾವು ತಿಪಟೂರಿಗೆ ರೈಲಿನಲ್ಲಿ ಹೋಗಿ ಮೂರು ದಿನ ಬಿಟ್ಟು ಬಂದೆವು. ಮತ್ತೆ ಅದೇ ಟಕ್ ಟಕ್. ಅಂಗಡಿಯವರು ಒಯ್ದು ಚಾರ್ಜ್ ಮಾಡಿ ತಂದರು. "ಬ್ಯಾಟರಿ ಚೆನ್ನಾಗಿದೆ ಮೇಡಂ, ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡಿ" ಅಂದರು. ಹಾಗೇ ಮಾಡಿದೆ. ಈ ವಾರ ಜ್ವರ ಅಂತ ಎರಡು ದಿನ ಮಲಗಿದ್ದೆ. ಇವತ್ತು ಮತ್ತೆ ಹಾಗೇ.

ಹೊಸ ಬ್ಯಾಟರಿಯೇ ಕೆಟ್ಟದ್ದು ಕೊಟ್ಟರಾ? ಇಲ್ಲ ಕಾರಿನಲ್ಲೇ ಏನಾದರೂ ಇದೆಯಾ?

ಜೆಸಿ ರೋಡ್ ಎಲೆಕ್ಟ್ರಿಷಿಯನ್

ಮೇಡಂ, ಮೊದಲು ಅಮ್ಮ ಚೆನ್ನಾಗಿದ್ದಾರೆ ಅಂತ ಓದಿ ಸಮಾಧಾನ ಆಯಿತು.

ನೀವು ಸದ್ದನ್ನು ಸರಿಯಾಗಿ ಬರೆದಿದ್ದೀರಿ, ಅದರಲ್ಲೇ ಅರ್ಧ ಉತ್ತರ ಇದೆ. ಬೇಗ ಬೇಗ ಟಕ್ ಟಕ್ ಅಂದು ದೀಪ ಮಂಕಾದರೆ ಸೆಲ್ಫ್‌ಗೆ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಬೇಕಾದಷ್ಟು ಕರೆಂಟ್ ಹೋಗುತ್ತಿಲ್ಲ ಅಂತ ಅರ್ಥ. ಬ್ಯಾಟರಿ ಡೌನ್ ಆಗಿರಬೇಕು, ಇಲ್ಲವೇ ಟರ್ಮಿನಲ್ (ಬ್ಯಾಟರಿ ಮೇಲೆ ವಯರ್ ಕೂರುವ ಜಾಗ) ಸಡಿಲ ಇರಬೇಕು. ದೀಪ ಪೂರ್ತಿ ಉರಿಯುತ್ತಿದ್ದು, ಒಂದೇ ಒಂದು ಸಲ 'ಟಕ್' ಅಂದು ಸುಮ್ಮನಾದರೆ ಸೆಲ್ಫ್ ಮೋಟರ್ ಅಥವಾ ಅದರ ಸೊಲೆನಾಯ್ಡ್ (ಕರೆಂಟ್ ಬಿಡುವ ಸ್ವಿಚ್ಚು) ಕಡೆ ನೋಡಬೇಕು. ಸೆಲ್ಫ್ ಚೆನ್ನಾಗಿ ತಿರುಗಿ ಇಂಜಿನ್ ಮಾತ್ರ ಹಿಡಿಯದಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಅದು ಪೆಟ್ರೋಲ್ ಇಲ್ಲವೇ ಸ್ಪಾರ್ಕ್ ವಿಷಯ.

ಇವತ್ತು ಒಂದೇ ಕೆಲಸ ಮಾಡಿ. ಬಾನೆಟ್ ಎತ್ತಿ, ಎರಡೂ ಟರ್ಮಿನಲ್ ಹಿಡಿದು ಕೈಯಲ್ಲೇ ತಿರುಗಿಸಿ ನೋಡಿ. ಒಂದು ಎಳ್ಳಷ್ಟೂ ಅಲುಗಾಡಬಾರದು. ಹೊಸ ಬ್ಯಾಟರಿ ಹಾಕುವವರು ಅವಸರದಲ್ಲಿ ಕ್ಲ್ಯಾಂಪ್ ಪೂರ್ತಿ ಕೆಳಗೆ ಇಳಿಸದೆ ಬಿಗಿ ಮಾಡಿರುತ್ತಾರೆ. ಮೇಲೆ ನೋಡಿದರೆ ಸರಿ ಇದ್ದ ಹಾಗೆ ಕಾಣುತ್ತದೆ. ನನ್ನ ಹತ್ತಿರ 'ಬ್ಯಾಟರಿ ಹೋಯಿತು' ಅಂತ ಬಂದ ಎಷ್ಟೋ ಕಾರುಗಳು ಹತ್ತು ಎಂಎಂ ಪಾನಾದಲ್ಲೇ ಸರಿಯಾಗಿ ವಾಪಸ್ ಹೋಗಿವೆ.

ಕ್ಯಾಬ್ ಚಾಲಕ, ಯಲಹಂಕ

ಅಕ್ಕ, 35 ಆಂಪಿಯರ್ ಅವರ್ ಬ್ಯಾಟರಿ ಬೆಂಗಳೂರಿನ ಟ್ರಾಫಿಕ್‌ಗೆ ಸಾಲುವುದಿಲ್ಲ. ಎಸಿ, ಹೆಡ್‌ಲೈಟ್, ವೈಪರ್ ಎಲ್ಲ ಹಾಕಿಕೊಂಡು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಅರ್ಧ ಗಂಟೆ ನಿಂತರೆ ಎಲ್ಲಿಂದ ಚಾರ್ಜ್ ಆಗಬೇಕು? ದೊಡ್ಡ ಬ್ಯಾಟರಿ ಹಾಕಿಸಿ. ನಾನು ಹಾಗೇ ಮಾಡಿದ್ದೇನೆ, ಮೂರು ವರ್ಷದಿಂದ ತೊಂದರೆ ಇಲ್ಲ.

ನಿವೃತ್ತ ಫೋರ್‌ಮನ್, ವಿಜಯನಗರ

ತಮ್ಮಾ, ನಿನ್ನ ಕಾರು ದಿನಕ್ಕೆ ಹನ್ನೆರಡು ಗಂಟೆ ಓಡುತ್ತದೆ. ಅದಕ್ಕೇ ತೊಂದರೆ ಇಲ್ಲ, ಬ್ಯಾಟರಿ ದೊಡ್ಡದು ಅಂತಲ್ಲ. ನಿಂತಲ್ಲೇ ಕರೆಂಟ್ ಸೋರುತ್ತಿದ್ದರೆ ದೊಡ್ಡ ಬ್ಯಾಟರಿ ಹಾಕಿದರೂ ಖಾಲಿ ಆಗುತ್ತದೆ, ಒಂದು ದಿನ ತಡವಾಗಿ ಅಷ್ಟೇ. ತೂತಿರುವ ಕೊಡದ ಬದಲು ತೂತಿರುವ ಹಂಡೆ ಇಟ್ಟ ಹಾಗೆ.

ಆದರೆ ಸಿಗ್ನಲ್ ಬಗ್ಗೆ ನೀನು ಹೇಳಿದ್ದು ನಿಜ. ಇಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಡೈನಮೋ (ಬ್ಯಾಟರಿಗೆ ಚಾರ್ಜ್ ಕೊಡುವ ಯಂತ್ರ) ಕಡಿಮೆ ಕರೆಂಟ್ ಕೊಡುತ್ತದೆ. ಎಲ್ಲ ಲೋಡ್ ಹಾಕಿದರೆ ಬ್ಯಾಟರಿಗೆ ಉಳಿಯುವುದು ಬಹಳ ಕಡಿಮೆ. ಅದಕ್ಕೇ ಮನೆ ಮುಂದೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಪ್ರಯೋಜನ ಇಲ್ಲದ ಕೆಲಸ. ಪೆಟ್ರೋಲ್ ದಂಡ, ಬೇಸ್‌ಮೆಂಟಿನಲ್ಲಿ ಹೊಗೆ ಬೇರೆ. ಚಾರ್ಜ್ ಆಗಬೇಕು ಅಂದರೆ ಓಡಿಸಬೇಕು. ಭಾನುವಾರ ಬೆಳಗ್ಗೆ ನೈಸ್ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಮುಕ್ಕಾಲು ಗಂಟೆ ಒಂದೇ ಸಮ ಓಡಿಸಿದರೆ ಅದು ಊಟ. ಐಡಲ್‌ನಲ್ಲಿ ಹತ್ತು ನಿಮಿಷ ಅಂದರೆ ತುಟಿಗೆ ನೀರು ಸವರಿದ ಹಾಗೆ.

ನಾನು 30 ವರ್ಷ ಬಸ್ ಡಿಪೋದಲ್ಲಿ ಕೆಲಸ ಮಾಡಿದವನು. ಅಲ್ಲಿ ಎರಡೆರಡು ಬ್ಯಾಟರಿ ಸೇರಿಸಿ 24 ವೋಲ್ಟ್, ಕಾರಿನದು 12. ಗುಣ ಮಾತ್ರ ಎರಡರದೂ ಒಂದೇ. ಬ್ಯಾಟರಿ ಸಾಮಾನ್ಯವಾಗಿ ಹೇಳದೆ ಸಾಯುವುದಿಲ್ಲ. ವಾರಗಟ್ಟಲೆ ಮುಂಚೆ ಹೇಳುತ್ತಿರುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಸೆಲ್ಫ್ ಒಂದು ಕ್ಷಣ ತಡೆದು, ಉಸಿರು ಕಟ್ಟಿದ ಹಾಗೆ ತಿರುಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಮಂಕಾಗಿ, ಆಕ್ಸಿಲರೇಟರ್ ಒತ್ತಿದರೆ ಬೆಳಗುತ್ತದೆ. ಕಿಟಕಿ ಗಾಜು ನಿಧಾನವಾಗಿ ಏರುತ್ತದೆ. ಗಡಿಯಾರ ಒಂದು ದಿನ ತಾನಾಗಿಯೇ 12:00 ತೋರಿಸುತ್ತದೆ. ಇಷ್ಟರಲ್ಲಿ ಯಾವುದಾದರೂ ಎರಡು ಸಲ ಕಂಡರೆ ಮೂರನೇ ಸಲಕ್ಕೆ ಕಾಯಬೇಡಿ.

ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಬೇರೆ ಕಥೆ. ಆಗ ಚಾರ್ಜ್ ಮಾಡುವುದೂ ಬೇಡ, ಜಂಪ್ ಮಾಡುವುದೂ (ಬೇರೆ ಕಾರಿನ ಬ್ಯಾಟರಿಗೆ ಕೇಬಲ್ ಹಾಕಿ ಸ್ಟಾರ್ಟ್ ಮಾಡುವುದು) ಬೇಡ. ಮುಟ್ಟದೆ ತಿಳಿದವರನ್ನು ಕರೆಸಿ.

ಇನ್ನೊಂದು. ಓಡಿಸುವಾಗ ಮೀಟರ್ ಬೋರ್ಡಿನಲ್ಲಿ ಕೆಂಪು ಬ್ಯಾಟರಿ ಚಿಹ್ನೆ ಹೊತ್ತಿಕೊಂಡರೆ ಜನ ಬ್ಯಾಟರಿ ಬದಲಿಸಲು ಹೋಗುತ್ತಾರೆ. ಆ ದೀಪ ಹೇಳುವುದು 'ಚಾರ್ಜ್ ಬರುತ್ತಿಲ್ಲ' ಅಂತ. ಡೈನಮೋ, ಅದರ ಬೆಲ್ಟ್, ವಯರ್, ಇವುಗಳನ್ನು ನೋಡಬೇಕು. ಬೆಲ್ಟ್ ಹರಿದಿದ್ದರೆ ಕೆಲವು ಕಾರುಗಳಲ್ಲಿ ನೀರಿನ ಪಂಪೂ ನಿಂತು ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಹಾಗಾಗಿ ಮನೆ ತನಕ ಹೋಗಿಬಿಡೋಣ ಅನ್ನಬೇಡಿ.

ಸಂಖ್ಯೆಪ್ರಿಯ, ಮಲ್ಲೇಶ್ವರಂ

ಫೋರ್‌ಮನ್ ಸರ್ ಲಕ್ಷಣ ಹೇಳಿದರು, ನಾನು ಅಂಕಿ ಹೇಳುತ್ತೇನೆ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ (ವೋಲ್ಟ್, ಕರೆಂಟ್ ಅಳೆಯುವ ಮೀಟರ್) ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಾರು ಇರುವ ಪ್ರತಿ ಮನೆಯಲ್ಲೂ ಒಂದು ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೀಟರಿನ ಗುಂಡಿಯನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಹಿಡಿದು ಮೂರು ಸಲ ಅಳೆಯಿರಿ.

ಮೊದಲನೆಯದು, ರಾತ್ರಿಯಿಡೀ ನಿಂತ ಕಾರಿನಲ್ಲಿ. 12.6 ಅಥವಾ ಮೇಲೆ ಇದ್ದರೆ ಪೂರ್ತಿ ಚಾರ್ಜ್. 12.4 ಅಂದರೆ ಸುಮಾರು ಮುಕ್ಕಾಲು. 12.2 ಅಂದರೆ ಅರ್ಧ. 12.0 ಅಂದರೆ ಕಾಲು ಭಾಗ ಉಳಿದಿದೆ. 11.8ಕ್ಕೆ ಬಂದರೆ ಖಾಲಿ ಅಂತಲೇ ಲೆಕ್ಕ. ಒಳಗೆ ಆರು ಸೆಲ್ ಇರುತ್ತವೆ, ಒಂದೊಂದೂ 2.1 ವೋಲ್ಟ್. ಅದಕ್ಕೇ 12.6.

ಎರಡನೆಯದು, ಬೇರೆಯವರು ಕೀ ತಿರುಗಿಸುವಾಗ. ಸೆಲ್ಫ್ ಹೊಡೆಯುವಾಗ ವೋಲ್ಟ್ ಕೆಳಗೆ ಬೀಳುತ್ತದೆ, ಅದು ಸಹಜ. 10ರ ಮೇಲೆ ಉಳಿದರೆ ಒಳ್ಳೆಯದು. ಚಾರ್ಜ್ ಪೂರ್ತಿ ಇದ್ದೂ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಗೆ ಶಕ್ತಿ ಉಳಿದಿಲ್ಲ.

ಮೂರನೆಯದು, ಇಂಜಿನ್ ಓಡುತ್ತಿರುವಾಗ. 13.8ರಿಂದ 14.5 ಇದ್ದರೆ ಡೈನಮೋ ಚೆನ್ನಾಗಿದೆ. 13ಕ್ಕಿಂತ ಕೆಳಗಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಜಾಸ್ತಿ ಚಾರ್ಜ್ ಆಗಿ ಬ್ಯಾಟರಿಯೊಳಗಿನ ನೀರು ಕಡಿಮೆಯಾಗುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರ್ ಬೇಕೆಂದೇ ವೋಲ್ಟ್ ಏರಿಳಿಸುತ್ತದೆ. ನಿಮ್ಮದು 2016ರದ್ದು, ಬಹುಶಃ ನೇರ ಲೆಕ್ಕ.

ಸ್ಟಾರ್ಟ್ ಮಾಡುವುದಕ್ಕೇ ಬ್ಯಾಟರಿ ಖಾಲಿ ಆಗುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಸೆಲ್ಫ್ 200 ಆಂಪಿಯರ್ ಎಳೆದರೂ ಎರಡು ಸೆಕೆಂಡಿನ ಕೆಲಸ. ಲೆಕ್ಕ ಹಾಕಿದರೆ 0.11 ಆಂಪಿಯರ್ ಅವರ್. ಅದೇ ಪಾರ್ಕಿಂಗ್ ಲೈಟ್ ಮರೆತು ರಾತ್ರಿ ಹತ್ತು ಗಂಟೆ ಬಿಟ್ಟರೆ ಸುಮಾರು 20 ಆಂಪಿಯರ್ ಅವರ್ ಹೋಗುತ್ತದೆ. ಸಣ್ಣದು, ಆದರೆ ಬಹಳ ಹೊತ್ತು. ಬ್ಯಾಟರಿಯನ್ನು ತಿನ್ನುವುದು ಅದು.

ಹೊಸ ಚಾಲಕಿ, ನಾಗರಬಾವಿ

ನಮ್ಮ ಬ್ಯಾಟರಿ ಮೇಲೆ ಒಂದು ಸಣ್ಣ ಗುಂಡು ಗಾಜು ಇದೆ, ಹಸಿರು ಕಾಣುತ್ತದೆ. ಅದು ಹಸಿರು ಇದ್ದರೆ ಸಾಕಲ್ವಾ? ಮೀಟರ್ ಯಾಕೆ?

ಜೆಸಿ ರೋಡ್ ಎಲೆಕ್ಟ್ರಿಷಿಯನ್

ಸಾಲದು ಮೇಡಂ. ಆರು ಸೆಲ್‌ಗಳಲ್ಲಿ ಆ ಕಣ್ಣು ನೋಡುವುದು ಒಂದನ್ನು ಮಾತ್ರ. ಉಳಿದ ಐದರಲ್ಲಿ ಒಂದು ಸತ್ತಿದ್ದರೂ ಅದು ಹಸಿರೇ. ಕಪ್ಪಾಗಿದ್ದರೆ ಚಾರ್ಜ್ ಬೇಕು, ಬಣ್ಣವಿಲ್ಲದೆ ಬಿಳುಪಾಗಿದ್ದರೆ ನೀರು ಇಳಿದಿದೆ ಅನ್ನುವುದು ಸಾಮಾನ್ಯ. ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ ಇರಬಹುದು, ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ, ಓದಿ. ಕಪ್ಪು ಕಂಡರೆ ನಂಬಿ. ಹಸಿರು ಕಂಡರೆ ಪೂರ್ತಿ ನಂಬಬೇಡಿ.

ಕೆಂಪು ಕಾರು, ಬನಶಂಕರಿ

ಎಲ್ಲರಿಗೂ ಧನ್ಯವಾದ. ಟರ್ಮಿನಲ್ ಬಿಗಿಯಾಗಿದೆ, ಅಲುಗಾಡುವುದಿಲ್ಲ. ಶನಿವಾರ ಎಸ್‌ಪಿ ರೋಡಿಗೆ ಹೋಗಿ ಮೀಟರ್ ತಂದೆ. ಮೀಟರ್ ಹಿಡಿದದ್ದು ಇದೇ ಮೊದಲು, ಕೈ ನಡುಗುತ್ತಿತ್ತು. 12 ವೋಲ್ಟ್‌ಗೆ ಶಾಕ್ ಹೊಡೆಯುವುದಿಲ್ಲ ಅಂತ ಅಂಗಡಿಯ ಹುಡುಗ ಹೇಳಿದ ಮೇಲೆ ಧೈರ್ಯ ಬಂತು.

ಹೊರಗೆ ಚಾರ್ಜ್ ಮಾಡಿಸಿ ತಂದು, ಒಂದು ಗಂಟೆ ಬಿಟ್ಟು ಅಳೆದಾಗ 12.63. ಸೆಲ್ಫ್ ಹೊಡೆಯುವಾಗ 10.4. ಇಂಜಿನ್ ಓಡುವಾಗ 14.2, ಹೆಡ್‌ಲೈಟ್ ಮತ್ತು ಎಸಿ ಹಾಕಿದರೆ 13.9.

ಎರಡು ದಿನ ಮುಟ್ಟದೆ ಬಿಟ್ಟು ಅಳೆದೆ: 12.04.

ಸಂಖ್ಯೆಪ್ರಿಯ, ಮಲ್ಲೇಶ್ವರಂ

ಇಲ್ಲಿಗೆ ಅರ್ಧ ಸಮಸ್ಯೆ ಬಿಡಿಸಿದಿರಿ. ಬ್ಯಾಟರಿ ಚೆನ್ನಾಗಿದೆ. ಡೈನಮೋ ಚೆನ್ನಾಗಿದೆ. ನಿಂತಾಗ ಯಾವುದೋ ಕುಡಿಯುತ್ತಿದೆ. ನಿಂತ ಕಾರು ಗಡಿಯಾರ, ಅಲಾರಂ, ಕಂಪ್ಯೂಟರಿನ ನೆನಪಿಗೆ ಅಂತ 50 ಮಿಲಿಆಂಪಿಯರ್ ಒಳಗೆ ಎಳೆಯುವುದು ಸಹಜ. 50 ಅಂದರೂ ದಿನಕ್ಕೆ 1.2 ಆಂಪಿಯರ್ ಅವರ್, ನಿಮ್ಮ 35ರ ಬ್ಯಾಟರಿ ಅರ್ಧಕ್ಕೆ ಇಳಿಯಲು ಎರಡು ವಾರ ಬೇಕು. ನಿಮ್ಮದು ಎರಡೇ ದಿನದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಎಂಟು ಹತ್ತು ಪಟ್ಟು ಜಾಸ್ತಿ ಸೋರುತ್ತಿದೆ.

ಜೆಸಿ ರೋಡ್ ಎಲೆಕ್ಟ್ರಿಷಿಯನ್

ಮೇಡಂ, ಸೋರಿಕೆ ಹುಡುಕುವ ಕ್ರಮ ಹೇಳುತ್ತೇನೆ. ನಿಧಾನವಾಗಿ ಓದಿ, ಅವಸರ ಬೇಡ.

ಉಂಗುರ, ಬಳೆ, ಲೋಹದ ವಾಚ್ ತೆಗೆದಿಡಿ. ಕೀ ಕಾರಿನಿಂದ ದೂರ ಇರಲಿ. ಎಲ್ಲ ಬಾಗಿಲು, ಡಿಕ್ಕಿ ಮುಚ್ಚಿರಲಿ, ಬಾನೆಟ್ ಮಾತ್ರ ತೆರೆದಿರಲಿ. ಮೀಟರಿನ ಕೆಂಪು ವಯರನ್ನು 10 ಆಂಪಿಯರ್ ಅಂತ ಬರೆದ ತೂತಿಗೆ ಹಾಕಿ, ಗುಂಡಿಯನ್ನೂ 10 ಆಂಪಿಯರ್‌ಗೆ ತಿರುಗಿಸಿ. ಬ್ಯಾಟರಿಯ ಮೈನಸ್ ಕ್ಲ್ಯಾಂಪ್ ಬಿಚ್ಚಿ. ಆ ಕ್ಲ್ಯಾಂಪ್‌ಗೆ ಮೀಟರಿನ ಒಂದು ಮುಳ್ಳು (ವಯರಿನ ಚೂಪು ತುದಿ), ಬ್ಯಾಟರಿಯ ಮೈನಸ್ ಕಂಬಕ್ಕೆ ಇನ್ನೊಂದು. ಈಗ ಕಾರು ಎಳೆಯುವ ಕರೆಂಟೆಲ್ಲ ಮೀಟರ್ ಮೂಲಕವೇ ಹೋಗುತ್ತದೆ. ಈ ಸ್ಥಿತಿಯಲ್ಲಿ ಯಾವ ಕಾರಣಕ್ಕೂ ಕೀ ತಿರುಗಿಸಬೇಡಿ, ಹೆಡ್‌ಲೈಟ್ ಹಾಕಬೇಡಿ. ಮೀಟರ್ ಸುಡುತ್ತದೆ. ಕೆಲಸ ಮುಗಿದ ತಕ್ಷಣ ಕೆಂಪು ವಯರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ಬ್ಯಾಟರಿಗೆ ಹಿಡಿದರೆ ಶಾರ್ಟ್ ಆಗುತ್ತದೆ.

ಮೊದಲು ಜಾಸ್ತಿ ತೋರಿಸುತ್ತದೆ. ಅರ್ಧ ಗಂಟೆ ಬಿಡಿ, ಕಂಪ್ಯೂಟರುಗಳು ಮಲಗಲಿ. ಆಮೇಲೂ 0.05ಕ್ಕಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ದಡಕ್ಕನೆ ಬೀಳುತ್ತದೋ ಕಳ್ಳ ಆ ದಾರಿಯಲ್ಲಿ ಇದ್ದಾನೆ. ಕಿತ್ತದ್ದನ್ನು ಅದೇ ಜಾಗಕ್ಕೆ ಹಾಕಿ, ಮೊದಲೇ ಫೋಟೋ ತೆಗೆದುಕೊಂಡಿರಿ.

ಹೊರಗಡೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಡ್ಯಾಶ್‌ಕ್ಯಾಮ್, ಜಿಪಿಎಸ್ ಏನಾದರೂ ಇದೆಯಾ? ನಾನು ಹಿಡಿದ ಕಳ್ಳರಲ್ಲಿ ಇವರೇ ಜಾಸ್ತಿ. ಕೀ ತೆಗೆದರೂ ಆಫ್ ಆಗದ ಫ್ಯೂಸಿಗೆ ವಯರ್ ಕೊಟ್ಟುಬಿಟ್ಟಿರುತ್ತಾರೆ.

ಬೇಸ್‌ಮೆಂಟ್ ಬಿ2, ಸರ್ಜಾಪುರ ರಸ್ತೆ

ಮೇಡಂ ಹುಡುಕುವ ಹೊತ್ತಿಗೆ ನಾನು ಬೇರೆ ಒಂದು ವಿಷಯ ಹೇಳಿಬಿಡುತ್ತೇನೆ, ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ.

ನಮ್ಮ ಕಾರು ನಿಲ್ಲುವುದು ಎರಡನೇ ಬೇಸ್‌ಮೆಂಟಿನಲ್ಲಿ. ಮೊಬೈಲ್ ಸಿಗ್ನಲ್ ಇಲ್ಲ. ಟೋಯಿಂಗ್ ಗಾಡಿ ಎತ್ತರ ಜಾಸ್ತಿ, ರ‍್ಯಾಂಪ್ ಇಳಿಯುವುದಿಲ್ಲ. ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರೆ ಬಾನೆಟ್ ಹತ್ತಿರ ಇನ್ನೊಂದು ಕಾರು ಬರಲೂ ಆಗುವುದಿಲ್ಲ. ಒಂದು ಸಲ ಒದ್ದಾಡಿದ ಮೇಲೆ ಯಾವಾಗಲೂ ರಿವರ್ಸ್ ಹಾಕಿಯೇ ನಿಲ್ಲಿಸುತ್ತೇನೆ, ಬಾನೆಟ್ ದಾರಿಯ ಕಡೆಗೆ. ಇನ್ನೊಂದು, ನಮ್ಮದು ಆಟೋಮ್ಯಾಟಿಕ್, ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ಬ್ಯಾಟರಿ ಸತ್ತರೆ ಗೇರ್ 'ಪಿ'ಯಿಂದ ಕದಲುವುದೂ ಇಲ್ಲ. ಅದನ್ನು ಬಿಡಿಸಲು ಗೇರ್ ಪಕ್ಕ ಒಂದು ಸಣ್ಣ ಮುಚ್ಚಳ ಇರುತ್ತದೆ, ಅದು ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ರಿಮೋಟ್ ಕೆಲಸ ಮಾಡದಿದ್ದರೆ ಬಾಗಿಲು ತೆಗೆಯಲು ರಿಮೋಟಿನ ಹೊಟ್ಟೆಯಲ್ಲೇ ಸಣ್ಣ ಕೀ ಇರುತ್ತದೆ.

ಜಂಪರ್ ಕೇಬಲ್ ಹಾಕುವ ಕ್ರಮ ನಮ್ಮ ಕಂಬದ ಮೇಲೆ ಬರೆದು ಅಂಟಿಸಿದ್ದೇನೆ. ಎರಡೂ ಕಾರು ಆಫ್ ಇರಬೇಕು, ಒಂದಕ್ಕೊಂದು ತಾಗಬಾರದು. ಕೆಂಪು ವಯರ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವಯರ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಅದರ ಕೊನೆಯ ತುದಿ ಸತ್ತ ಬ್ಯಾಟರಿಗೆ ಬೇಡ, ಆ ಕಾರಿನ ಇಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಯಾಕೆಂದರೆ ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿ ಹತ್ತಿರ ಹೈಡ್ರೋಜನ್ ಅನಿಲ ಇರಬಹುದು. ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಮೇಲೆ ಸತ್ತದ್ದನ್ನು ಸ್ಟಾರ್ಟ್ ಮಾಡಿ. ಬಿಚ್ಚುವಾಗ ಉಲ್ಟಾ ಕ್ರಮ.

2020ರ ಲಾಕ್‌ಡೌನ್ ಮುಗಿದಾಗ ನಮ್ಮ ಬೇಸ್‌ಮೆಂಟಿನಲ್ಲಿ ಬ್ಯಾಟರಿ ಸತ್ತ ಕಾರುಗಳು ಸಾಲು ಸಾಲಾಗಿ ಇದ್ದವು. ಒಂದೇ ಕೇಬಲ್ ಮನೆಯಿಂದ ಮನೆಗೆ ಓಡಾಡಿತು. ಈಗ ನಮ್ಮ ಸಂಘದವರು ಸೆಕ್ಯೂರಿಟಿ ರೂಮಿನಲ್ಲಿ ದಪ್ಪ ತಾಮ್ರದ ಕೇಬಲ್ ಒಂದು ಜೊತೆ ಇಟ್ಟಿದ್ದಾರೆ. ತೆಳ್ಳಗಿನ ಅಗ್ಗದ ಕೇಬಲ್ ಬಿಸಿಯಾಗುತ್ತದೆ ಅಷ್ಟೇ, ಕಾರು ಸ್ಟಾರ್ಟ್ ಆಗುವುದಿಲ್ಲ.

ಇವಿ ಮನೆ, ವೈಟ್‌ಫೀಲ್ಡ್

ಎಲೆಕ್ಟ್ರಿಕ್ ಕಾರಿಗೆ ಈ ತಲೆನೋವು ಇಲ್ಲ ಅಂತ ನಾನೂ ಅಂದುಕೊಂಡಿದ್ದೆ. ಅದರಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇದೆ. ಲಾಕ್, ಪರದೆ, ಕಂಪ್ಯೂಟರ್ ಎಲ್ಲ ಅದರ ಮೇಲೆ ನಿಂತಿವೆ. ದೊಡ್ಡ ಬ್ಯಾಟರಿಯಲ್ಲಿ ಶೇಕಡ 80 ಚಾರ್ಜ್ ಇದ್ದರೂ ಈ ಸಣ್ಣದು ಸತ್ತರೆ ಕಾರು ಎಚ್ಚರವೇ ಆಗುವುದಿಲ್ಲ. ನಮಗೆ ವಿಮಾನ ನಿಲ್ದಾಣಕ್ಕೆ ಹೊರಟಾಗಲೇ ಆಯಿತು. ಇವಿ ಇರುವವರೂ ಮೂರು ವರ್ಷ ಆದ ಮೇಲೆ ಅದನ್ನು ಪರೀಕ್ಷೆ ಮಾಡಿಸಿ.

ಕೆಂಪು ಕಾರು, ಬನಶಂಕರಿ

ಸಿಕ್ಕಿತು! ಪೂರ್ತಿ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ.

ಭಾನುವಾರ ಮಧ್ಯಾಹ್ನ ಜೆಸಿ ರೋಡ್ ಅಣ್ಣ ಹೇಳಿದ ಹಾಗೇ ಮೀಟರ್ ಜೋಡಿಸಿದೆ. ಅರ್ಧ ಗಂಟೆ ಕಾದ ಮೇಲೂ 0.44 ಆಂಪಿಯರ್. ಮಗಳು ಮೊಬೈಲ್ ಟಾರ್ಚ್ ಹಿಡಿದು ಅಂಕಿ ಓದುತ್ತಿದ್ದಳು, ನಾನು ಸ್ಟೇರಿಂಗ್ ಕೆಳಗೆ ಕತ್ತು ಓರೆ ಮಾಡಿ ಫ್ಯೂಸ್ ಕೀಳುತ್ತಿದ್ದೆ. ಏಳನೆಯದೋ ಎಂಟನೆಯದೋ ಕಿತ್ತಾಗ "ಅಮ್ಮಾ, ಸೊನ್ನೆ ಸೊನ್ನೆ ಮೂರು!" ಅಂತ ಕೂಗಿದಳು. 0.03. ಮುಚ್ಚಳದ ಮೇಲಿನ ಚಿತ್ರ ನೋಡಿದರೆ ಒಳಗಿನ ದೀಪಗಳ ಫ್ಯೂಸ್.

ಒಳಗಿನ ದೀಪ ಆಫ್ ಇತ್ತು. ನಮ್ಮ ಕಾರಿನಲ್ಲಿ ಗ್ಲವ್ ಬಾಕ್ಸ್ ದೀಪ ಇಲ್ಲ. ಉಳಿದದ್ದು ಡಿಕ್ಕಿ. ಆದರೆ ಮುಚ್ಚಿದ ಡಿಕ್ಕಿಯೊಳಗೆ ದೀಪ ಉರಿಯುತ್ತಿದೆಯಾ ಅಂತ ನೋಡುವುದು ಹೇಗೆ? ತೆಗೆದರೆ ಉರಿಯಲೇಬೇಕಲ್ವಾ. ಉಪಾಯ ಮಗಳದ್ದು. ಫ್ಯೂಸ್ ವಾಪಸ್ ಹಾಕಿ, ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ, ಡಿಕ್ಕಿಯೊಳಗೆ ಒರಗಿಸಿಟ್ಟು ಮುಚ್ಚಿದೆವು. ಒಂದು ನಿಮಿಷ ಬಿಟ್ಟು ತೆಗೆದು ನೋಡಿದೆವು. ವಿಡಿಯೋದಲ್ಲಿ ಡಿಕ್ಕಿ ಬಾಗಿಲು ಧಡ್ ಅಂತ ಮುಚ್ಚಿಕೊಂಡಿತು. ಕತ್ತಲೆ ಆಗಲೇ ಇಲ್ಲ. ಕೊಡೆ, ನೀರಿನ ಕ್ಯಾನ್, ಮೂಲೆಯಲ್ಲಿ ಮರೆತುಹೋಗಿದ್ದ ಒಂದು ತೆಂಗಿನಕಾಯಿ, ಎಲ್ಲವೂ ಹಗಲಿನ ಹಾಗೆ ಕಾಣುತ್ತಿದ್ದವು. ಇಡೀ ನಿಮಿಷ.

ಆ ತೆಂಗಿನಕಾಯಿ ನೋಡಿದ ಮೇಲೆ ಕಾರಣವೂ ಹೊಳೆಯಿತು. ಎರಡು ತಿಂಗಳ ಹಿಂದೆ ಊರಿಂದ ಎರಡು ಮೂಟೆ ಕಾಯಿ ತುಂಬಿಕೊಂಡು ಬಂದಿದ್ದೆವು. ಲಾಕ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಅದರ ಸಣ್ಣ ಸ್ವಿಚ್ಚಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡು ಧೂಳಿನ ಜೊತೆ ಗಟ್ಟಿಯಾಗಿದೆ. ಲಾಕ್ ಬೀಳುತ್ತದೆ, ಸ್ವಿಚ್ಚು ಮಾತ್ರ ತಿರುಗುವುದಿಲ್ಲ. ಹಲ್ಲುಜ್ಜುವ ಹಳೆಯ ಬ್ರಶ್‌ನಲ್ಲಿ ಉಜ್ಜಿ ತೆಗೆದೆ. ಮತ್ತೆ ವಿಡಿಯೋ ಇಟ್ಟೆವು. ಧಡ್, ಕತ್ತಲೆ.

ಐದು ವ್ಯಾಟ್‌ನ ಒಂದು ಬಲ್ಬು. ಅವತ್ತು ಅಮ್ಮನನ್ನು ಮಲಗಿಸಿಕೊಂಡು ಒದ್ದಾಡಿದೆನಲ್ಲ, ಆಗಲೂ ಅದು ನನ್ನ ಬೆನ್ನ ಹಿಂದೆ ಉರಿಯುತ್ತಾ ಇತ್ತು.

ಸಂಖ್ಯೆಪ್ರಿಯ, ಮಲ್ಲೇಶ್ವರಂ

ಐದು ವ್ಯಾಟ್ ಭಾಗಿಸು 12 ವೋಲ್ಟ್, 0.42 ಆಂಪಿಯರ್. ದಿನಕ್ಕೆ ಹತ್ತು ಆಂಪಿಯರ್ ಅವರ್. ಎರಡು ದಿನಕ್ಕೆ 20. ನೀವು ಅಳೆದ 12.04ಕ್ಕೆ ಹೆಚ್ಚುಕಡಿಮೆ ಕೂರುತ್ತದೆ. ಸ್ಕೂಲಿಗೆ ದಿನಾ ಓಡಿಸುತ್ತಿದ್ದುದರಿಂದ ವಾರದ ದಿನಗಳಲ್ಲಿ ಹೇಗೋ ತುಂಬಿಕೊಳ್ಳುತ್ತಿತ್ತು. ಮಗಳಿಗೆ ನನ್ನ ಶಹಭಾಸ್ ಹೇಳಿ.

ಕ್ಯಾಬ್ ಚಾಲಕ, ಯಲಹಂಕ

ಅಕ್ಕ, ದೊಡ್ಡ ಬ್ಯಾಟರಿ ಹಾಕಿಸಿ ಅಂದದ್ದು ನನ್ನ ತಪ್ಪು. ನಿಮ್ಮ ದುಡ್ಡು ದಂಡ ಆಗುತ್ತಿತ್ತು. ಓದಿದ ಮೇಲೆ ನನ್ನ ಗಾಡಿಯ ಡಿಕ್ಕಿಯನ್ನೂ ಮೊಬೈಲ್ ಇಟ್ಟು ನೋಡಿದೆ. ಸರಿ ಇದೆ.

ಆಯುಧ ಪೂಜೆಯ ಮರುದಿನ ನಮ್ಮ ಸ್ಟ್ಯಾಂಡಿನಲ್ಲಿ ಎರಡು ಮೂರು ಗಾಡಿ ತಳ್ಳುವುದು ಇದ್ದೇ ಇರುತ್ತದೆ. ಬೆಳಗ್ಗೆಯಿಂದ ನಾಲ್ಕೂ ಬಾಗಿಲು ತೆರೆದಿಟ್ಟು, ಹಾಡು ಹಾಕಿ, ದೀಪ ಹಾಕಿ ಬಿಟ್ಟಿರುತ್ತೇವೆ. ಇಂಜಿನ್ ಆಫ್. ಈ ಸಲ ನಾನೇ ಎಲ್ಲರಿಗೂ ಹೇಳುತ್ತೇನೆ.

ಹೊಸ ಚಾಲಕಿ, ನಾಗರಬಾವಿ

ಇನ್ನೊಂದು ಪ್ರಶ್ನೆ. ನಮ್ಮದು ನೀರು ಹಾಕುವ ಬ್ಯಾಟರಿ. ಮನೆಯಲ್ಲಿ ಆರ್‌ಓ ನೀರು ಇದೆ, ಅದನ್ನೇ ಹಾಕಬಹುದಾ? ಟರ್ಮಿನಲ್ ಮೇಲೆ ಬಿಳಿ, ನೀಲಿ ಪುಡಿಯೂ ಕೂತಿದೆ.

ನಿವೃತ್ತ ಫೋರ್‌ಮನ್, ವಿಜಯನಗರ

ಬೇಡಮ್ಮ. ಆರ್‌ಓ ನೀರಿನಲ್ಲೂ ಲವಣ ಉಳಿದಿರುತ್ತದೆ. ಬೋರ್‌ವೆಲ್ ನೀರಂತೂ ವಿಷ. ಕಾವೇರಿ ನೀರೂ ಬೇಡ. ಪೆಟ್ರೋಲ್ ಬಂಕಿನಲ್ಲೋ ಬ್ಯಾಟರಿ ಅಂಗಡಿಯಲ್ಲೋ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಮನೆಯ ಇನ್ವರ್ಟರ್‌ಗೆ ಹಾಕುವುದೂ ಅದೇ. ಒಳಗಿನ ಸೀಸದ ಪ್ಲೇಟುಗಳು ಮುಳುಗಿರಬೇಕು, ಮೇಲಿನ ಗೆರೆ ದಾಟಬಾರದು. ತುಂಬಿ ತುಳುಕಿಸಿದರೆ ಚಾರ್ಜ್ ಆಗುವಾಗ ಆಸಿಡ್ ಉಕ್ಕಿ ಟರ್ಮಿನಲ್ ತಿನ್ನುತ್ತದೆ. ಒಳಗೆ ಆಸಿಡ್ ಮಾತ್ರ ಎಂದೂ ಹಾಕಬೇಡ. ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಉಳಿದಿರುತ್ತದೆ.

ಪುಡಿ ತೆಗೆಯಲು ಮೊದಲು ಮೈನಸ್ ಕ್ಲ್ಯಾಂಪ್ ಬಿಚ್ಚು, ಆಮೇಲೆ ಪ್ಲಸ್. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಈ ಕ್ರಮ ತಪ್ಪಿದರೆ ಪಾನಾ ಕಾರಿನ ಲೋಹಕ್ಕೆ ತಾಗಿ ಶಾರ್ಟ್ ಆಗಬಹುದು. ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಬ್ರಶ್‌ನಲ್ಲಿ ಉಜ್ಜು, ನೊರೆ ಬರುತ್ತದೆ, ಅದು ಆಸಿಡ್ ಸಾಯುವ ಗುರುತು. ಸೋಡಾ ನೀರು ಮುಚ್ಚಳದೊಳಗೆ ಹೋಗದ ಹಾಗೆ ನೋಡಿಕೋ. ಒರೆಸಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಹತ್ತಿ ಬಟ್ಟೆಯ ಮೇಲೆ ಒಂದು ಹನಿ ಬಿದ್ದರೂ ಅವತ್ತು ಗೊತ್ತಾಗುವುದಿಲ್ಲ, ಒಗೆದ ಮೇಲೆ ತೂತು ಕಾಣುತ್ತದೆ. ನನ್ನ ಎಷ್ಟು ಖಾಕಿ ಪ್ಯಾಂಟು ಹಾಗೆ ಹೋದವೋ.

ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರು ನೋಡು. ನಮ್ಮ ಬೆಂಗಳೂರು ತಂಪು ಅಂತ ಸುಮ್ನೆ ಇರಬೇಡ. 2016ರ ಏಪ್ರಿಲ್‌ನಲ್ಲಿ ಇಲ್ಲೇ 39.2 ಡಿಗ್ರಿ ಆಗಿತ್ತು, ಬಾನೆಟ್ ಕೆಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಬ್ಯಾಟರಿಯ ಆಯಸ್ಸು ತಿನ್ನುವುದು ಬಿಸಿಲು. ಅದು ಗೊತ್ತಾಗುವುದು ಡಿಸೆಂಬರ್ ಚಳಿಯ ಬೆಳಗ್ಗೆ.

ಜೆಸಿ ರೋಡ್ ಎಲೆಕ್ಟ್ರಿಷಿಯನ್

ಹೊಸ ಬ್ಯಾಟರಿ ತರುವವರಿಗೆ ಎರಡು ಮಾತು. ಅಂಗಡಿಯಲ್ಲೇ ಮೀಟರ್ ಹಿಡಿಸಿ, 12.4ಕ್ಕಿಂತ ಕಡಿಮೆ ಇದ್ದರೆ ಬಹಳ ದಿನ ಕೂತ ಮಾಲು, ಬೇರೆ ಕೇಳಿ. ತಯಾರಾದ ತಿಂಗಳು ನೋಡಿ, ವಾರಂಟಿ ಕಾರ್ಡಿಗೆ ತಾರೀಕು ಮತ್ತು ಸೀಲು ಹಾಕಿಸಿ. ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗಿ ಸ್ಟಾರ್ಟ್ ಆಗುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಅನ್ನುವ, ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಡೆದುಕೊಳ್ಳುವ ಬ್ಯಾಟರಿಯೇ ಬೇಕು, ಮಾಮೂಲಿ ಹಾಕಿದರೆ ಬೇಗ ಹೋಗುತ್ತದೆ.

ಹಳೆಯದನ್ನು ಅಂಗಡಿಗೇ ಕೊಡಿ, ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ. ದಾರಿ ಬದಿ ಒಡೆದು ಸೀಸ ಕರಗಿಸುವವರಿಗೆ ಬೇಡ. ಆಸಿಡ್ ಮೋರಿಗೆ ಹೋಗುತ್ತದೆ, ಸೀಸದ ಹೊಗೆ ಅಲ್ಲಿ ಆಡುವ ಮಕ್ಕಳ ಮೈಗೆ ಸೇರುತ್ತದೆ. 2022ರ ನಿಯಮದಲ್ಲಿ ಹಳೆಯ ಬ್ಯಾಟರಿ ವಾಪಸ್ ಹೋಗುವಂತೆ ನೋಡಿಕೊಳ್ಳುವ ಹೊಣೆ ತಯಾರಿಸುವವರ ಮೇಲೆಯೇ ಇದೆ.

ಮೇಡಂ, ನಿಮ್ಮ ಹೊಸ ಬ್ಯಾಟರಿ ಎರಡು ಸಲ ಪೂರ್ತಿ ಇಳಿದಿದೆ. ಹಾಗೆ ಖಾಲಿ ಬಿದ್ದಷ್ಟು ಹೊತ್ತೂ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಒಂದು ತಿಂಗಳು ಬಿಟ್ಟು ಲೋಡ್ ಟೆಸ್ಟ್ (ಜಾಸ್ತಿ ಕರೆಂಟ್ ಎಳೆದು ಬ್ಯಾಟರಿಯ ಶಕ್ತಿ ನೋಡುವ ಪರೀಕ್ಷೆ) ಮಾಡಿಸಿ.

ಕೆಂಪು ಕಾರು, ಬನಶಂಕರಿ

ಐದು ವಾರ ಆಯಿತು, ಫಲಿತಾಂಶ ಹೇಳಲು ಬಂದೆ. ಲೋಡ್ ಟೆಸ್ಟ್ ಮಾಡಿಸಿದೆ, ಪಾಸಾಗಿದೆ. ಕಳೆದ ವಾರ ಮತ್ತೆ ತಿಪಟೂರಿಗೆ ರೈಲಿನಲ್ಲಿ ಹೋಗಿ ನಾಲ್ಕು ದಿನ ಇದ್ದು ಬಂದೆವು. ಬಂದ ರಾತ್ರಿಯೇ ಕೈಕಾಲು ತೊಳೆಯುವ ಮೊದಲು ಮೀಟರ್ ಹಿಡಿದುಕೊಂಡು ಕೆಳಗೆ ಹೋದೆ. 12.51 ಇತ್ತು. ಬೆಳಗ್ಗೆ ಮೊದಲ ತಿರುವಿಗೇ ಸ್ಟಾರ್ಟ್ ಆಯಿತು.

ಅಮ್ಮನನ್ನು ಚೆಕಪ್‌ಗೆ ಕರೆದುಕೊಂಡು ಹೋಗಿ ಬಂದೆ. ಎದುರು ಮನೆಯ ಅಣ್ಣನಿಗೆ ನಾಲ್ಕು ತೆಂಗಿನಕಾಯಿ ಕೊಟ್ಟೆ. ಈ ಸಲ ಮೂಟೆಯನ್ನು ರೈಲಿನಲ್ಲೇ ತಂದದ್ದು.